ಪಠ್ಯದಲ್ಲಿಲ್ಲದ ಕಾಲಂ: ನಾಡಿಯಿಂದ ಫಿಟ್‌ನೆಸ್ ಅಳೆಯುವ ನಮ್ಮ ಅವಸರ

ಬೋಧನಾಭ್ಯಾಸದ ಮೂರನೇ ವಾರ ಕುಕ್ ಟೌನಿನ ಒಂದು ಶಾಲೆಯಲ್ಲಿ ಏಳನೇ ತರಗತಿಗೆ ಸಾಗಾಣಿಕೆಯ ಪಾಠ ಮಾಡಿದೆ. ನಾಡಿ ಎಣಿಸುವ ಚಟುವಟಿಕೆಯೇ ಆ ಪಾಠದ ಜೀವಾಳ. ತರಗತಿಯಲ್ಲಿ ತಮಿಳು, ಉರ್ದು, ತೆಲುಗು, ಕನ್ನಡ ಎಲ್ಲ ಮನೆಮಾತಿನ ಮಕ್ಕಳೂ ಇದ್ದರು. ‘ನಾಡಿ’ ಎಂದಾಗ ಹೆಚ್ಚಿನವರಿಗೆ ಅರ್ಥವಾಯಿತು. ಹಿಂದಿನ ಬೆಂಚಿನ ಹುಡುಗನೊಬ್ಬ ‘ನಬ್ಜ್, ಮಿಸ್’ ಎಂದು ಉರ್ದುವಿನಲ್ಲಿ ಸೇರಿಸಿದ. ಇಷ್ಟು ಸಲೀಸಾಗಿ ಶುರುವಾದ ಪಾಠ ನನಗೆ ಅದುವರೆಗೆ ಸಿಕ್ಕಿರಲಿಲ್ಲ.

ಪಠ್ಯಪುಸ್ತಕದಲ್ಲಿ ಇದಕ್ಕೊಂದು ಕೋಷ್ಟಕವಿದೆ: ವಿದ್ಯಾರ್ಥಿಯ ಹೆಸರು, ವಿಶ್ರಾಂತಿಯಲ್ಲಿ ಹೃದಯ ಬಡಿತ ಮತ್ತು ನಾಡಿ, ನಾಲ್ಕೈದು ನಿಮಿಷ ಓಡಿದ ಮೇಲೆ ಹೃದಯ ಬಡಿತ ಮತ್ತು ನಾಡಿ. ಅಷ್ಟೇ. ಅದರ ಪಕ್ಕ ನಾನೊಂದು ಕಾಲಂ ಎಳೆದು ‘ಫಿಟ್‌ನೆಸ್ ಮಟ್ಟ’ ಎಂದು ಬರೆದೆ. ಪಾಠಯೋಜನೆಯಲ್ಲಿ ಅದಕ್ಕೆ ‘ನಿತ್ಯಜೀವನಕ್ಕೆ ಅನ್ವಯ’ ಎಂಬ ಶೀರ್ಷಿಕೆ ಕೊಟ್ಟಿದ್ದೆ. ಸೂತ್ರ ಎಲ್ಲಿಂದ ತಂದೆ ಎಂಬುದನ್ನು ಮುಂದೆ ಹೇಳುತ್ತೇನೆ. 15 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ, ಸೂತ್ರಕ್ಕೆ ಹಾಕಿ, ಬಂದ ಅಂಕಿಗೆ ‘ಉತ್ತಮ’, ‘ಸಾಧಾರಣ’, ‘ದುರ್ಬಲ’ ಎಂದು ಬರೆಯುತ್ತಾ ಹೋದೆ.

ಒಬ್ಬಳು ಹುಡುಗಿಯ ಎಣಿಕೆ 27 ಬಂತು. ನಾಲ್ಕರಿಂದ ಗುಣಿಸಿದರೆ 108. ಬೋರ್ಡಿನ ಮೇಲೆ 108 ಕಂಡ ಕೂಡಲೇ ಹುಡುಗರು ಆಂಬ್ಯುಲೆನ್ಸ್ ಸೈರನ್ ಕೂಗಿದರು. ಸೂತ್ರ ಅವಳಿಗೆ 29 ಅಂಕ ಕೊಟ್ಟಿತು, ನಾನು ‘ದುರ್ಬಲ’ ಎಂದು ಬರೆದೆ. ಅವಳು ಏನೂ ಮಾತಾಡಲಿಲ್ಲ. ಮರುದಿನ ಫನೆಲ್ ಮತ್ತು ರಬ್ಬರ್ ಕೊಳವೆಯ ಸ್ಟೆತಸ್ಕೋಪ್ ಹಿಡಿದು ಪಕ್ಕದವಳು ಬಂದಾಗ ಪುಸ್ತಕ ಎದೆಗವಚಿಕೊಂಡು ಕೂತಳು.

ಆ ರಾತ್ರಿ ರೆಕಾರ್ಡ್ ಬರೆಯುವಾಗ ನೆನಪಾಯಿತು. ಹಿಂದಿನ ದಿನ ಪಾಠ ಶುರುವಾಗುವ ಮುಂಚೆ ಎರಡು ಮಹಡಿ ಕೆಳಗಿದ್ದ ಪ್ರಯೋಗಾಲಯದಿಂದ ಫನೆಲ್ ತರಲು ಅವಳನ್ನೇ ಕಳಿಸಿದ್ದೆ. ‘ಬೇಗ ಬಾ’ ಎಂದೂ ಹೇಳಿದ್ದೆ. ಓಡಿ ಹೋಗಿ, ಮೆಟ್ಟಿಲು ಹತ್ತಿ ಬಂದವಳ ಕೈ ಹಿಡಿಸಿ ‘ವಿಶ್ರಾಂತಿ ನಾಡಿ’ ಎಂದು ಬರೆಸಿದ್ದೆ.

ಇದು ನನ್ನ ಅಜಾಗರೂಕತೆ ಮಾತ್ರವಾಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. ಸರಿಯಾಗಿ ಕೂರಿಸಿ, ಐದು ನಿಮಿಷ ಸುಮ್ಮನಿರಿಸಿ ಎಣಿಸಿದ್ದರೂ ಆ ಕಾಲಂ ತಪ್ಪೇ ಆಗಿರುತ್ತಿತ್ತು ಎಂಬುದು ನನ್ನ ವಾದ. ಈ ತಪ್ಪು ತರಗತಿಗೆ ಬಂದದ್ದು ಹೊರಗಿನಿಂದ, ಬೆಳಗಿನ ಹೊತ್ತು ಓಡುವ, ನಡೆಯುವ ನಮ್ಮಂಥವರ ಮಣಿಕಟ್ಟಿನಿಂದ. ಹಾಗಾಗಿ ಮೊದಲು ಅಲ್ಲಿಂದಲೇ ಶುರುಮಾಡುತ್ತೇನೆ.

ಮಿಲ್ಟನ್ ಸ್ಟ್ರೀಟಿನ ಪಾರ್ಕಿನ ಸುತ್ತ ಬೆಳಿಗ್ಗೆ ಆರರ ಹೊತ್ತಿಗೆ ನೋಡಿದರೆ ಅರ್ಧಕ್ಕರ್ಧ ಜನರ ಕೈಯಲ್ಲಿ ಹಸಿರು ಬೆಳಕು ಮಿನುಗುವ ವಾಚ್ ಇರುತ್ತದೆ. ಬೆಂಗಳೂರಿನಲ್ಲಿ 2008ರಲ್ಲಿ ವರ್ಲ್ಡ್ 10ಕೆ ಓಟ ಆರಂಭವಾದಾಗಿನಿಂದ ಇಲ್ಲಿ ಹವ್ಯಾಸಕ್ಕೆ ಓಡುವವರು ಒಂದು ಗುಂಪಾಗಿಯೇ ಬೆಳೆದಿದ್ದಾರೆ. ನಾನೂ ಅವರಲ್ಲೊಬ್ಬಳು. ಓಟ ಮುಗಿಸಿ ವೀಲರ್ ರಸ್ತೆಯ ಕಡೆ ಹೋಗುವಾಗ ನಮ್ಮ ಮಾತು ಒಂದೇ: ‘ನಿಮ್ಮದು ಎಷ್ಟು?’ ಕೇಳುವುದು ದೂರವನ್ನಲ್ಲ, ಸಮಯವನ್ನೂ ಅಲ್ಲ. ಗರಿಷ್ಠ ಆಮ್ಲಜನಕ ಬಳಕೆ ಎಷ್ಟು ಎಂದು ವಾಚ್ ತೋರಿಸುವ ಆ ಒಂದು ಅಂಕಿಯನ್ನು. ನನ್ನ ವಾಚ್ ಒಮ್ಮೆ 41 ತೋರಿಸುತ್ತಿತ್ತು. ವಾಚಿನ ಸೆಟ್ಟಿಂಗ್‌ನಲ್ಲಿ ನನ್ನ ಗರಿಷ್ಠ ಹೃದಯ ಬಡಿತ 195 ಎಂದು ತಾನಾಗಿಯೇ ಕೂತಿತ್ತು. ಒಂದು ಓಟದ ಕೊನೆಯ ಏರಿನಲ್ಲಿ 203 ಕಂಡ ಮೇಲೆ ಅದನ್ನು ಬದಲಿಸಿದೆ. ಮುಂದಿನ ಕೆಲವು ಓಟಗಳಲ್ಲಿ ಅಂಕಿ ಏರಿತು. ಒಂದು ಹೆಜ್ಜೆಯೂ ಹೆಚ್ಚು ಓಡದೆ ನಾನು ‘ಉತ್ತಮ’ ಆದೆ.

ಏಕೆ ಹೀಗಾಗುತ್ತದೆ ಎಂಬುದು ನಮ್ಮ ಬಿ.ಎಸ್ಸಿ. ಪಠ್ಯದ ಗಣಿತಕ್ಕಿಂತ ಕಷ್ಟದ್ದಲ್ಲ. ಏರೋಬಿಕ್ ಸಾಮರ್ಥ್ಯ ಎಂದರೆ ದೇಹ ತನ್ನ ಪೂರ್ಣ ಶ್ರಮದಲ್ಲಿ ನಿಮಿಷಕ್ಕೆ ಎಷ್ಟು ಆಮ್ಲಜನಕ ಬಳಸಬಲ್ಲುದು ಎಂಬುದು. ಅದನ್ನು ಪ್ರತಿ ಕಿಲೋ ದೇಹತೂಕಕ್ಕೆ ಇಷ್ಟು ಮಿಲಿಲೀಟರ್ ಎಂದು ಹೇಳುತ್ತಾರೆ. ನೇರವಾಗಿ ಅಳೆಯಬೇಕಾದರೆ ಮುಖಕ್ಕೆ ಮಾಸ್ಕ್ ಹಾಕಿ, ಟ್ರೆಡ್‌ಮಿಲ್ ಮೇಲೆ ಕೈಲಾಗದಷ್ಟು ಓಡಿಸಿ, ಉಸಿರಿನ ಗಾಳಿಯನ್ನು ವಿಶ್ಲೇಷಿಸಬೇಕು. ಅಡಾಲ್ಫ್ ಫಿಕ್ 1870ರಲ್ಲಿ ಕೊಟ್ಟ ತತ್ವದ ಪ್ರಕಾರ ಈ ಆಮ್ಲಜನಕದ ಬಳಕೆ ಮೂರು ಸಂಗತಿಗಳ ಗುಣಲಬ್ಧ: ನಿಮಿಷಕ್ಕೆ ಹೃದಯ ಎಷ್ಟು ಸಲ ಬಡಿಯುತ್ತದೆ, ಪ್ರತಿ ಬಡಿತಕ್ಕೆ ಎಷ್ಟು ರಕ್ತ ತಳ್ಳುತ್ತದೆ, ಆ ರಕ್ತದಿಂದ ಅಂಗಾಂಶಗಳು ಎಷ್ಟು ಆಮ್ಲಜನಕ ಹೀರಿಕೊಳ್ಳುತ್ತವೆ. ಮೂರರಲ್ಲಿ ನಮ್ಮ ಬೆರಳಿಗೆ ಸಿಗುವುದು ಮೊದಲನೆಯದು ಮಾತ್ರ. ಇಬ್ಬರ ನಾಡಿಯೂ 150 ಇರಬಹುದು. ಒಬ್ಬರ ಹೃದಯ ಬಡಿತಕ್ಕೆ 80 ಮಿ.ಲೀ., ಇನ್ನೊಬ್ಬರದು 110 ಮಿ.ಲೀ. ತಳ್ಳಿದರೆ ನಿಮಿಷಕ್ಕೆ ಹರಿಯುವ ರಕ್ತ ಒಬ್ಬರಲ್ಲಿ 12 ಲೀಟರ್, ಇನ್ನೊಬ್ಬರಲ್ಲಿ 16.5 ಲೀಟರ್. ನಾಡಿ ಹಿಡಿದವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಆದರೂ ನಾಡಿಯಿಂದ ಅಂದಾಜು ಮಾಡಲು ಬರುತ್ತದೆ, ಅದಕ್ಕೊಂದು ಆಧಾರವೂ ಇದೆ. ಮಧ್ಯಮ ಶ್ರಮದಲ್ಲಿ ಹೃದಯ ಬಡಿತವೂ ಆಮ್ಲಜನಕದ ಬಳಕೆಯೂ ಹೆಚ್ಚುಕಡಿಮೆ ಸರಳರೇಖೆಯಲ್ಲಿ ಏರುತ್ತವೆ. 1954ರಲ್ಲಿ ಆಸ್ಟ್ರಾಂಡ್ ಮತ್ತು ರೈಮಿಂಗ್ ಇದನ್ನೇ ನೆಚ್ಚಿ ತಮ್ಮ ನೋಮೋಗ್ರಾಂ ಮಾಡಿದರು. ಎರಡು ಬಿಂದು ಗುರುತಿಸಿ, ರೇಖೆ ಎಳೆದು, ಗರಿಷ್ಠ ಬಡಿತದವರೆಗೆ ಮುಂದುವರಿಸುವುದು ಇದರ ಸರಳ ರೂಪ. ಒಂದು ಲೆಕ್ಕ ನೋಡೋಣ. ಬಡಿತ 120 ಇದ್ದಾಗ ಬಳಕೆ 20 ಮಿ.ಲೀ., 150 ಇದ್ದಾಗ 30 ಮಿ.ಲೀ. ಎಂದಿಟ್ಟುಕೊಳ್ಳಿ. ಮೂರು ಬಡಿತಕ್ಕೆ ಒಂದು ಮಿಲಿಲೀಟರ್. ಗರಿಷ್ಠ ಬಡಿತ 195 ಎಂದು ಹಿಡಿದರೆ ಉತ್ತರ 45. ಆ ವ್ಯಕ್ತಿಯ ನಿಜವಾದ ಗರಿಷ್ಠ 185 ಆಗಿದ್ದರೆ 41.7, 205 ಆಗಿದ್ದರೆ 48.3. ಓಡಿದವರು ಅದೇ ವ್ಯಕ್ತಿ, ಓಟವೂ ಅದೇ. ರೇಖೆಯನ್ನು ಎಲ್ಲಿ ನಿಲ್ಲಿಸಿದಿರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ರೇಖೆಯನ್ನು ನಿಲ್ಲಿಸುವ ಆ ಜಾಗವನ್ನು ನಾವು ಸಾಮಾನ್ಯವಾಗಿ ‘220ರಿಂದ ವಯಸ್ಸನ್ನು ಕಳೆ’ ಎಂಬ ಸೂತ್ರದಿಂದ ತೆಗೆದುಕೊಳ್ಳುತ್ತೇವೆ. ಜಿಮ್ಮಿನ ಗೋಡೆಯ ಮೇಲಿದೆ, ವಾಚಿನೊಳಗಿದೆ, ನಮ್ಮ ನೋಟ್ಸುಗಳಲ್ಲೂ ಇದೆ. ಇದರ ಇತಿಹಾಸವನ್ನು 2002ರಲ್ಲಿ ರಾಬರ್ಗ್ಸ್ ಮತ್ತು ಲ್ಯಾಂಡ್ವೆರ್ ಬೆನ್ನಟ್ಟಿ ನೋಡಿದರು. ಸೂತ್ರವನ್ನು ಕಂಡುಹಿಡಿದ ಮೂಲ ಪ್ರಯೋಗವೇ ಅವರಿಗೆ ಸಿಗಲಿಲ್ಲ. 1971ರಲ್ಲಿ ಫಾಕ್ಸ್ ಮತ್ತು ಸಂಗಡಿಗರು ಬೇರೆಬೇರೆಯವರ ದತ್ತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿ ಮಾಡಿದ ಸ್ಥೂಲ ಅಂದಾಜಿಗೆ ಅದು ಹೋಗಿ ಮುಟ್ಟುತ್ತದೆ. 2001ರಲ್ಲಿ ಟನಾಕಾ ಮತ್ತು ಸಂಗಡಿಗರು 351 ಅಧ್ಯಯನಗಳನ್ನು ಕೂಡಿಸಿ 208ರಿಂದ ವಯಸ್ಸಿನ 0.7 ಪಟ್ಟನ್ನು ಕಳೆಯುವ ಸೂತ್ರ ಕೊಟ್ಟರು. ಅದು ಹೆಚ್ಚು ಗಟ್ಟಿಯಾದದ್ದು. ಆದರೂ ಒಂದೇ ವಯಸ್ಸಿನವರ ನಡುವೆಯೇ ಗರಿಷ್ಠ ಬಡಿತ ಹತ್ತು ಹನ್ನೆರಡು ಅತ್ತಿತ್ತ ಹರಡಿಕೊಂಡಿರುತ್ತದೆ, ಯಾವ ಸೂತ್ರವೂ ಆ ಹರಡಿಕೆಯನ್ನು ಕುಗ್ಗಿಸಲಾರದು. ಇನ್ನು ಮಕ್ಕಳಲ್ಲಂತೂ ಗರಿಷ್ಠ ಬಡಿತ ಬಹುಮಟ್ಟಿಗೆ 200ರ ಆಸುಪಾಸಿನಲ್ಲೇ ನಿಂತಿರುತ್ತದೆ, ವರ್ಷಕ್ಕೊಂದರಂತೆ ಇಳಿಯುವುದಿಲ್ಲ. ಏಳನೇ ತರಗತಿಯಲ್ಲಿ 220ರಿಂದ 13 ಕಳೆದ ನನಗೆ ಇದು ಗೊತ್ತಿರಬೇಕಿತ್ತು.

ಈಗ ನಾನು ತರಗತಿಯಲ್ಲಿ ಬಳಸಿದ ಸೂತ್ರ. ಗರಿಷ್ಠ ಬಡಿತವನ್ನು ವಿಶ್ರಾಂತಿ ಬಡಿತದಿಂದ ಭಾಗಿಸಿ 15.3ರಿಂದ ಗುಣಿಸುವುದು. ಡೆನ್ಮಾರ್ಕಿನಲ್ಲಿ ಊತ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ್ದು. ಓಟದ ಗೆಳೆಯರೊಬ್ಬರು ಹೇಳಿಕೊಟ್ಟಿದ್ದರು. ಓಡಿಸುವುದೇ ಬೇಡ, ಕೂತಲ್ಲೇ ಫಿಟ್‌ನೆಸ್ ಬರುತ್ತದೆ ಎಂದು ಖುಷಿಯಾಗಿತ್ತು. ಅದನ್ನು ಕಟ್ಟಿದ್ದು 46 ಮಂದಿ ಚೆನ್ನಾಗಿ ತರಬೇತಿ ಪಡೆದ ವಯಸ್ಕ ಪುರುಷರ ಮೇಲೆ ಎಂಬುದನ್ನು ಆಮೇಲೆ ಓದಿದೆ. ಹದಿಮೂರರ ಹುಡುಗಿಯರಿಗೂ ಅದಕ್ಕೂ ಏನು ಸಂಬಂಧ? ಅದಿರಲಿ, ಎಣಿಕೆಯ ದೋಷವನ್ನಷ್ಟೇ ನೋಡಿ. ಗರಿಷ್ಠ 190 ಇರುವ ವಯಸ್ಕರೊಬ್ಬರು ಹತ್ತು ಸೆಕೆಂಡಿನಲ್ಲಿ 10 ಬಡಿತ ಎಣಿಸಿದರೆ ನಾಡಿ 60, ಅಂಕ 48.5. ಕೊನೆಯ ಬಡಿತವನ್ನೂ ಸೇರಿಸಿ 11 ಎಂದರೆ ನಾಡಿ 66, ಅಂಕ 44. ಗರಿಷ್ಠ ಬಡಿತದ ಹತ್ತರ ಅನಿಶ್ಚಿತತೆಯನ್ನೂ ಜೊತೆಗಿಟ್ಟರೆ ಅದೇ ವ್ಯಕ್ತಿ 41.7ರಿಂದ 51ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಯಾವುದೇ ಶ್ರೇಣಿ ಪಟ್ಟಿಯಲ್ಲಿ ಇಷ್ಟು ಅಗಲಕ್ಕೆ ಎರಡು ಮೂರು ದರ್ಜೆಗಳು ಬಂದುಹೋಗುತ್ತವೆ.

ಇನ್ನೊಂದು ಮಾತು, ಇದು ನನಗೆ ಹೊಳೆದಾಗ ನಾಚಿಕೆಯಾಯಿತು. ಒಂದೇ ತರಗತಿಯ ಮಕ್ಕಳೆಲ್ಲ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. 220ರಿಂದ ವಯಸ್ಸು ಕಳೆದರೆ ಎಲ್ಲರಿಗೂ 207. ಅಂದರೆ ಸೂತ್ರದ ಮೇಲಿನ ಭಾಗ ಎಲ್ಲರಿಗೂ ಒಂದೇ ಸ್ಥಿರಾಂಕ. ನಾನು ಬೋರ್ಡಿನ ಮೇಲೆ ಬರೆದ ‘ಫಿಟ್‌ನೆಸ್’ ವಿಶ್ರಾಂತಿ ನಾಡಿಯನ್ನೇ ತಲೆಕೆಳಗು ಮಾಡಿ ಬರೆದದ್ದು, ಅದರಲ್ಲಿ ಹೊಸದೊಂದು ಮಾಹಿತಿಯೂ ಇರಲಿಲ್ಲ. 72 ಬಂದ ಹುಡುಗನಿಗೆ 44, 108 ಬಂದವಳಿಗೆ 29. ಮೂವತ್ತೆರಡು ಮಕ್ಕಳಿಂದ ಭಾಗಾಕಾರ ಮಾಡಿಸಿ ಒಂದು ಪೀರಿಯಡ್ ಕಳೆದೆ.

ಓಡಿಸಿ ಅಳೆಯುವ ವಿಧಾನಗಳು ಇದಕ್ಕಿಂತ ಮೇಲು, ಒಪ್ಪುತ್ತೇನೆ. ಕ್ವೀನ್ಸ್ ಕಾಲೇಜ್ ಸ್ಟೆಪ್ ಪರೀಕ್ಷೆಯಲ್ಲಿ 41.3 ಸೆಂ.ಮೀ. ಎತ್ತರದ ಮೆಟ್ಟಿಲನ್ನು ಮೂರು ನಿಮಿಷ ನಿಗದಿತ ಲಯದಲ್ಲಿ ಹತ್ತಿಳಿಯಬೇಕು. ನಿಂತ ಐದನೇ ಸೆಕೆಂಡಿನಿಂದ ಇಪ್ಪತ್ತನೆಯದರವರೆಗೆ ನಾಡಿ ಎಣಿಸಬೇಕು. ಪುರುಷರಿಗೆ 111.33ರಿಂದ ನಾಡಿಯ 0.42 ಪಟ್ಟನ್ನು ಕಳೆದರೆ ಅಂದಾಜು ಸಿಗುತ್ತದೆ. ಮಹಿಳೆಯರಿಗೆ ಲಯವೂ ಬೇರೆ, ಸಮೀಕರಣವೂ ಬೇರೆ. ಕೋಲ್ಕತ್ತಾದ ಸಂಶೋಧಕರು ಇದನ್ನು ಭಾರತೀಯ ಯುವಕರ ಮೇಲೆ ಪರೀಕ್ಷಿಸಿ, ಬಳಸಬಹುದು ಎಂದು 2004ರಲ್ಲಿ ವರದಿ ಮಾಡಿದ್ದಾರೆ. ನೂರಾರು ಜನರ ಸರಾಸರಿ ತಿಳಿಯಬೇಕಾದವರಿಗೆ ಇದು ಉಪಯುಕ್ತ. ಆದರೆ 15 ಸೆಕೆಂಡಿನಲ್ಲಿ ಒಂದೇ ಬಡಿತ ತಪ್ಪಿದರೂ ನಾಡಿಯಲ್ಲಿ ನಾಲ್ಕು, ಉತ್ತರದಲ್ಲಿ 1.7 ಮಿ.ಲೀ. ವ್ಯತ್ಯಾಸ. ಜೊತೆಗೆ ಮೆಟ್ಟಿಲಿನ ಎತ್ತರ ಎಲ್ಲರಿಗೂ ಒಂದೇ, ಕಾಲಿನ ಉದ್ದ ಒಂದೇ ಅಲ್ಲ.

ಮೆಟ್ಟಿಲು ಹತ್ತಿದವರ ನಾಡಿ ಏಕೆ ಏರಿತು ಎಂಬುದಕ್ಕೆ ಸಾಮರ್ಥ್ಯವೊಂದೇ ಕಾರಣವೂ ಅಲ್ಲ. ಏಪ್ರಿಲ್ ಬಿಸಿಲು, ನಿದ್ದೆಗೇಡು, ನೀರು ಕುಡಿಯದಿರುವುದು, ಜ್ವರದ ಮರುದಿನ, ಪರೀಕ್ಷೆಯ ಭಯ, ಕಾಫಿ, ಇವೆಲ್ಲ ನಾಡಿಯನ್ನು ಕದಲಿಸುತ್ತವೆ. ಎದುರು ದಿಕ್ಕಿನದೂ ಇದೆ. ಪಾರ್ಕಿನಲ್ಲಿ ಹಿರಿಯರೊಬ್ಬರು ತಮ್ಮ ವಿಶ್ರಾಂತಿ ನಾಡಿ 54 ಎಂದು ನಮ್ಮೆಲ್ಲರಿಗೂ ತೋರಿಸಿ ‘ನಿಮಗಿಂತ ನಾನೇ ಗಟ್ಟಿ’ ಎನ್ನುತ್ತಿದ್ದರು. ಮಾತಿನ ನಡುವೆ ರಕ್ತದೊತ್ತಡಕ್ಕೆ ಅಟೆನಲಾಲ್ ತೆಗೆದುಕೊಳ್ಳುವುದು ಗೊತ್ತಾಯಿತು. ಹೃದಯ ಬಡಿತವನ್ನು ತಗ್ಗಿಸುವುದೇ ಆ ಮಾತ್ರೆಯ ಕೆಲಸಗಳಲ್ಲೊಂದು. ಅಂಥವರಿಗೆ ‘ಗರಿಷ್ಠದ ಶೇ. 70ಕ್ಕೆ ನಾಡಿ ಏರಿಸಿ’ ಎಂಬ ಸಲಹೆ ನಿಜಕ್ಕೂ ಅಪಾಯ. ಮಾತ್ರೆ ಬಡಿತವನ್ನು ಹಿಡಿದಿಟ್ಟಿರುವಾಗ ಆ ಅಂಕಿ ಮುಟ್ಟಲು ಅವರು ತಮ್ಮ ಶಕ್ತಿ ಮೀರಿ ಓಡಬೇಕಾಗುತ್ತದೆ. ಓಡುತ್ತಾ ಒಂದು ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದೆಯೇ ಎಂದು ನೋಡುವ ಹಳೆಯ ಉಪಾಯ ಅವರಿಗೆ ವಾಚಿಗಿಂತ ಮೇಲು.

ಶಾಲೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ರಕ್ತಹೀನತೆ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿ.ಲೀ. ಆಮ್ಲಜನಕ ಹೊರಬಲ್ಲುದು. 100 ಮಿ.ಲೀ. ರಕ್ತದಲ್ಲಿ 14 ಗ್ರಾಂ ಇದ್ದರೆ ಸುಮಾರು 19 ಮಿ.ಲೀ., 9 ಗ್ರಾಂ ಇದ್ದರೆ 12. ಕೊರತೆಯನ್ನು ತುಂಬಲು ಹೃದಯ ಹೆಚ್ಚು ಸಲ ಬಡಿಯಲೇಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ. 59 ಮಂದಿ ರಕ್ತಹೀನತೆಯವರು. ಏಳನೇ ತರಗತಿಯ ಹುಡುಗಿಯರು ಆ ವಯಸ್ಸಿಗೆ ಕಾಲಿಡಲಿರುವವರು. ಇವರ ನಾಡಿ ಎಣಿಸಿ ‘ದುರ್ಬಲ’ ಎಂದು ಬರೆದರೆ, ವೈದ್ಯರಿಗೆ ತೋರಿಸಬೇಕಾದ ಸಂಗತಿಯನ್ನು ನಾವು ಆಟದಲ್ಲಿ ಹಿಂದುಳಿದವಳು ಎಂಬ ಹಣೆಪಟ್ಟಿಗೆ ಇಳಿಸಿದಂತೆ. ನನ್ನ ವಿದ್ಯಾರ್ಥಿನಿಯ ವಿಷಯದಲ್ಲಿ ಕಾರಣ ಮೆಟ್ಟಿಲು. ಬೇರೆ ಯಾರ ವಿಷಯದಲ್ಲಿ ಏನೆಂದು ನಾನು ಆ ದಿನ ಕೇಳಲೇ ಇಲ್ಲ.

ಪಠ್ಯದಲ್ಲಿ ವಿಶ್ರಾಂತಿ ನಾಡಿ ಸಾಮಾನ್ಯವಾಗಿ 72ರಿಂದ 80 ಎಂದಿದೆ. ವಯಸ್ಕರಲ್ಲೇ ವೈದ್ಯರು 60ರಿಂದ 100ರವರೆಗೆ ಸಹಜ ಎನ್ನುತ್ತಾರೆ, ಮಕ್ಕಳ ನಾಡಿ ತುಸು ಹೆಚ್ಚೇ ಇರುತ್ತದೆ. ಆ ವಾಕ್ಯವನ್ನು ಓದುವಾಗ ಇಷ್ಟನ್ನು ಬಾಯಿಮಾತಿನಲ್ಲಿ ಸೇರಿಸದಿದ್ದರೆ, 88 ಬಂದ ಮಗು 78 ಎಂದು ತಿದ್ದಿ ಬರೆಯುತ್ತದೆ. ನನ್ನ ತರಗತಿಯ ಕೋಷ್ಟಕದಲ್ಲಿ ಅನುಮಾನಾಸ್ಪದವಾಗಿ ಬಹಳ 76ಗಳಿದ್ದವು.

ಹಾಗಾದರೆ ನಾಡಿಯಿಂದ ಏನೂ ತಿಳಿಯುವುದಿಲ್ಲವೇ? ತಿಳಿಯುತ್ತದೆ, ಅದೇ ವ್ಯಕ್ತಿಯ ನಿನ್ನೆಯ ನಾಡಿಯ ಪಕ್ಕ ಇಟ್ಟು ನೋಡಿದರೆ. ಅಂಕಿಯ ಹುಚ್ಚು ಬಿಟ್ಟ ಮೇಲೆ ನಾನು ವಾರಕ್ಕೊಮ್ಮೆ ಒಂದೇ ಹೊತ್ತಿಗೆ, ಒಂದೇ ಹಾದಿಯಲ್ಲಿ, ಒಂದೇ ವೇಗದಲ್ಲಿ ಇಪ್ಪತ್ತು ನಿಮಿಷ ಓಡಿ, ನಿಂತ ಕೂಡಲೇ ಒಮ್ಮೆ, ಒಂದು ನಿಮಿಷದ ನಂತರ ಇನ್ನೊಮ್ಮೆ ನಾಡಿ ಬರೆದಿಡುತ್ತಿದ್ದೇನೆ. ಮೊದಲ ವಾರ 168 ಮತ್ತು 141. ಹತ್ತನೇ ವಾರ 157 ಮತ್ತು 120. ನಡುವೆ ನೆಗಡಿಯಾದ ವಾರ 171ಕ್ಕೆ ಜಿಗಿದದ್ದೂ ಅಲ್ಲೇ ಇದೆ. ಇದರಲ್ಲಿ ಗರಿಷ್ಠ ಬಡಿತದ ಊಹೆಯಿಲ್ಲ, ಡೆನ್ಮಾರ್ಕಿನ ಸ್ಥಿರಾಂಕವಿಲ್ಲ, ಬೇರೆಯವರ ಜೊತೆ ಹೋಲಿಕೆಯಿಲ್ಲ. ನನ್ನ ಗರಿಷ್ಠ ಆಮ್ಲಜನಕ ಬಳಕೆ ಎಷ್ಟು ಎಂದು ಇದು ಹೇಳುವುದಿಲ್ಲ. ನಾನು ಮೊದಲಿಗಿಂತ ಸುಧಾರಿಸಿದ್ದೇನೆಯೇ ಎಂದು ಹೇಳುತ್ತದೆ, ಹವ್ಯಾಸಕ್ಕೆ ಓಡುವವರಿಗೆ ಬೇಕಾದದ್ದು ಅಷ್ಟೇ.

ನಮ್ಮ ಮಾರ್ಗದರ್ಶಕರೊಬ್ಬರ ಜೊತೆ ಇದನ್ನು ಚರ್ಚಿಸಿದಾಗ ಅವರ ಆಕ್ಷೇಪ ನ್ಯಾಯವಾದದ್ದೇ ಆಗಿತ್ತು: ‘ಮಕ್ಕಳಿಗೆ ಉತ್ತರ ಬೇಕು. ಎಣಿಸಿ ಬಿಟ್ಟರೆ ಚಟುವಟಿಕೆ ಅರ್ಧಕ್ಕೆ ನಿಂತಂತೆ ಅಲ್ಲವೇ? ದೈಹಿಕ ಶಿಕ್ಷಣದಲ್ಲಿ 600 ಮೀಟರ್ ಓಟಕ್ಕೂ ಅಂಕ ಕೊಡುತ್ತಾರಲ್ಲ.’ 600 ಮೀಟರ್ ಓಟದಲ್ಲಿ ಅಳೆಯುವುದು ಮಗು ನಿಜವಾಗಿ ಮಾಡಿದ ಕೆಲಸವನ್ನು. ಇಷ್ಟು ದೂರವನ್ನು ಇಷ್ಟು ಹೊತ್ತಿನಲ್ಲಿ ಮುಗಿಸಿತು ಎನ್ನುವುದು ಊಹೆಯಲ್ಲ. ನಾಡಿಯಿಂದ ತೆಗೆದ ಅಂಕ ಮಗು ಮಾಡದ ಕೆಲಸದ ಬಗ್ಗೆ ನಾವು ಹೇಳುವ ಭವಿಷ್ಯ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು.

ಆದರೆ ‘ಉತ್ತರ ಬೇಕು’ ಎಂಬ ಒತ್ತಾಯ ಮಕ್ಕಳಿಗಿಂತ ನಮ್ಮದೇ ಹೆಚ್ಚು ಎಂದು ನನಗನಿಸುತ್ತದೆ. ಪಾಠ ವೀಕ್ಷಣಾ ಪತ್ರದಲ್ಲಿ ‘ಅನ್ವಯ’ಕ್ಕೆ ಅಂಕವಿದೆ, ‘ತೀರ್ಮಾನ’ಕ್ಕೆ ಅಂಕವಿದೆ. ‘ಈ ದತ್ತಾಂಶದಿಂದ ಇಷ್ಟು ಹೇಳಬಹುದು, ಇದಕ್ಕಿಂತ ಹೆಚ್ಚು ಹೇಳಲಾಗದು’ ಎಂದು ತರಗತಿಯನ್ನು ಮುಗಿಸಿದ ಪ್ರಶಿಕ್ಷಣಾರ್ಥಿಗೆ ಯಾವ ಸಾಲಿನಲ್ಲಿ ಅಂಕ ಹಾಕುತ್ತೀರಿ? ನಮ್ಮಲ್ಲಿ ಅನೇಕರು ಆ ಪತ್ರವನ್ನು ಮನಸ್ಸಿನಲ್ಲಿಟ್ಟುಕೊಂಡೇ ಪಾಠ ಕಟ್ಟುತ್ತೇವೆ. ನಾನು ಆ ಕಾಲಂ ಎಳೆದದ್ದೂ ಹಾಗೆಯೇ, ಆ ಪಾಠಕ್ಕೆ ನನಗೆ ಒಳ್ಳೆಯ ಅಂಕವೂ ಬಂತು. ವೀಕ್ಷಣಾ ಪತ್ರದಲ್ಲಿ ಅಳತೆಯ ಮಿತಿಯನ್ನು ಮಕ್ಕಳಿಂದ ಹೇಳಿಸಿದ್ದಕ್ಕೆ ಒಂದು ಸಾಲು ಸೇರಿಸಬೇಕೆಂದು ಈ ಪತ್ರಿಕೆಯ ಮೂಲಕ ಅಧ್ಯಾಪಕರಲ್ಲಿ ಕೇಳಿಕೊಳ್ಳುತ್ತೇನೆ. ಹಾಗೆಯೇ ಮಗುವಿನ ದೇಹದಿಂದ ತೆಗೆದ ಯಾವ ಅಂಕಿಯನ್ನೂ, ತೂಕವಾಗಲಿ ನಾಡಿಯಾಗಲಿ, ಹೆಸರಿನೊಂದಿಗೆ ಬೋರ್ಡಿನ ಮೇಲೆ ಬರೆಯಬಾರದೆಂಬ ನಿಯಮ ಬೋಧನಾಭ್ಯಾಸಕ್ಕೆ ಹೋಗುವ ಮುನ್ನವೇ ನಮಗೆ ಹೇಳಿಕೊಡಬೇಕು.

ಮುಂದಿನ ವಾರ ಅದೇ ತರಗತಿಯಲ್ಲಿ ಪಾಠವನ್ನು ಮತ್ತೆ ಮಾಡಿದೆ. ಮೊದಲು ಫನೆಲ್‌ನ ಕಥೆ ಹೇಳಿ, ತಪ್ಪು ನನ್ನದು ಎಂದು ಒಪ್ಪಿಕೊಂಡೆ. ಈ ಸಲ ಬೋರ್ಡಿನ ಮೇಲೆ ಹೆಸರುಗಳಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ಪುಸ್ತಕದಲ್ಲಿ ಕೂತಾಗ, ನಿಂತಾಗ, ಮೆಟ್ಟಿಲು ಹತ್ತಿದಾಗ, ಮೂರು ನಿಮಿಷದ ನಂತರ ತಮ್ಮದೇ ನಾಡಿ ಬರೆದುಕೊಂಡು ಗ್ರಾಫ್ ಎಳೆದರು. ಒಂದೇ ಕೈಯನ್ನು ಇಬ್ಬರು ಬೇರೆಬೇರೆಯಾಗಿ ಎಣಿಸಬೇಕು ಎಂಬ ನಿಯಮವನ್ನೂ ಹಾಕಿದ್ದೆ. ಆ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಪಕ್ಕದವಳಿಗೆ ಕೈ ಕೊಟ್ಟಳು. ಪಕ್ಕದವಳಿಗೆ 15 ಸೆಕೆಂಡಿನಲ್ಲಿ 21 ಸಿಕ್ಕಿತು, ಇನ್ನೊಬ್ಬಳಿಗೆ 22. 84 ಸರಿಯೋ 88 ಸರಿಯೋ ಎಂದು ಇಬ್ಬರಿಗೂ ಜಗಳ ಹತ್ತಿತು. ಕೊನೆಗೆ ಅವಳೇ ಗಡಿಯಾರ ನೋಡಿಕೊಂಡು ಒಂದು ನಿಮಿಷ ಪೂರ್ತಿ ಎಣಿಸಿದಳು. 86 ಬಂತು. ‘ಹಾಗಾದ್ರೆ ಇಬ್ರೂ ತಪ್ಪಾ, ಇಬ್ರೂ ಸರೀನಾ ಮಿಸ್?’ ಎಂದು ಕೇಳುವಷ್ಟರಲ್ಲಿ ಬೆಲ್ ಆಯಿತು. ಮುಂದಿನ ಪೀರಿಯಡ್ ಆಟದ್ದು, ಅವರು ಎಣಿಸುತ್ತಲೇ ಮೈದಾನಕ್ಕೆ ಹೋದರು.